ಡೌನ್‌ಟೌನ್‌ನಲ್ಲಿ ಬೇಸ್‌ಬಾಲ್ ಮೈದಾನ: ದುಡ್ಡು ಸಾಲದಿದ್ದರೆ ಯಾರು ಕಟ್ಟುತ್ತಾರೆ?

ಪ್ರಶ್ನೆ: ನಾವು ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿದ್ದೇವೆ. ಪಕ್ಕದ ವೂಸ್ಟರ್‌ನ ಬೇಸ್‌ಬಾಲ್ ಮೈದಾನ ಪೋಲಾರ್ ಪಾರ್ಕ್‌ಗೆ ಮಕ್ಕಳನ್ನು ಕರೆದುಕೊಂಡು ಆಗಾಗ ಹೋಗುತ್ತೇವೆ. ಈಗ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೊರಟಿದ್ದೇವೆ, ಅಲ್ಲಿ ಮನೆ ಕೊಳ್ಳುವ ಯೋಚನೆ ಇದೆ. ಆ ಊರಿನಲ್ಲೂ ಡೌನ್‌ಟೌನ್‌ನಲ್ಲಿ ಮೈನರ್ ಲೀಗ್ (ಮೇಜರ್ ಲೀಗ್‌ನ ಕೆಳಗಿನ ಹಂತ) ಬೇಸ್‌ಬಾಲ್ ಮೈದಾನ ಕಟ್ಟಬೇಕೋ ಬೇಡವೋ ಎಂದು ದೊಡ್ಡ ಜಗಳ ನಡೆದಿದೆ. "ವೂಸ್ಟರ್ ನೋಡಿ, ಎಷ್ಟು ಚೆನ್ನಾಗಿ ಆಗಿದೆ" ಅಂತ ಒಬ್ಬರು. "ಅದೇ ವೂಸ್ಟರ್‌ನ ಸಾಲ ನೋಡಿ" ಅಂತ ಇನ್ನೊಬ್ಬರು. ಯಾರು ಹೇಳುವುದು ಸರಿ? ನಮ್ಮ ಆಸ್ತಿ ತೆರಿಗೆ ಏರುತ್ತದಾ? ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ, ವೋಟಿಲ್ಲ. ಇದರಲ್ಲಿ ನಾವು ಮಾತಾಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಾತಾಡಬಹುದು, ಮಾತಾಡಬೇಕು. ಸಿಟಿ ಕೌನ್ಸಿಲ್‌ನ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ಎರಡು ಮೂರು ನಿಮಿಷ ಮಾತಾಡಲು ಪೌರತ್ವ ಬೇಕಾಗಿಲ್ಲ, ಆ ಊರಿನವರಾಗಿದ್ದರೆ ಸಾಕು. ಮನೆ ಕೊಂಡ ಮೇಲೆ ಆಸ್ತಿ ತೆರಿಗೆ ನೀವೇ ಕಟ್ಟುತ್ತೀರಿ. ಬಾಡಿಗೆಗೆ ಇದ್ದರೂ ಅದು ಬಾಡಿಗೆಯೊಳಗೆ ಸೇರಿಕೊಂಡು ನಿಮ್ಮ ಮೇಲೆಯೇ ಬರುತ್ತದೆ. ನಮ್ಮವರು ಸಾಮಾನ್ಯವಾಗಿ "ನಮಗ್ಯಾಕೆ ಇವರ ರಾಜಕೀಯ" ಎಂದು ಸುಮ್ಮನಿದ್ದು ಬಿಡುತ್ತಾರೆ. ಮೂವತ್ತು ವರ್ಷದ ಸಾಲದ ವಿಷಯದಲ್ಲಿ ಹಾಗೆ ಸುಮ್ಮನಿರಬೇಡಿ.

ಇನ್ನು ವೂಸ್ಟರ್. ನಿಮಗೆ ಹೇಳಿದವರಿಬ್ಬರ ಮಾತೂ ನಿಜ. ಮೈದಾನ ಚೆನ್ನಾಗಿದೆ, ಜನ ಬರುತ್ತಾರೆ, ಸುತ್ತಲಿನ ಕೆನಾಲ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಆಟದ ಸಂಜೆ ಓಡಾಟ ಇರುತ್ತದೆ. ಸಾಲವೂ ಇದೆ. 2018ರಲ್ಲಿ ಮೈದಾನಕ್ಕೆ ಒಂಬತ್ತು ಕೋಟಿ ಡಾಲರ್ ಆಗಬಹುದು ಎಂಬ ಲೆಕ್ಕ ಇತ್ತು. 2021ರ ಮೇ ತಿಂಗಳಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಅದು ಹದಿನಾರು ಕೋಟಿಯ ಆಸುಪಾಸಿಗೆ ಬಂದಿತ್ತು. ಆದರೆ ಮೈದಾನ ಚೆನ್ನಾಗಿದೆಯಾ ಅನ್ನುವುದು ಒಂದು ಪ್ರಶ್ನೆ, ಅದರ ಒಪ್ಪಂದ ಚೆನ್ನಾಗಿದೆಯಾ ಅನ್ನುವುದು ಬೇರೆಯೇ ಪ್ರಶ್ನೆ. ಚರ್ಚೆಯಲ್ಲಿ ಇವೆರಡನ್ನೂ ಬೆರೆಸಿಬಿಡುತ್ತಾರೆ. ಮೈದಾನ ಬೇಕು ಅನ್ನುವವರು ಆಟದ ಫೋಟೋ ತೋರಿಸುತ್ತಾರೆ, ಬೇಡ ಅನ್ನುವವರು ಬಜೆಟ್ ತೋರಿಸುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದೇ ಇಲ್ಲ.

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ಮೈನರ್ ಲೀಗ್ ತಂಡದ ಆಟಗಾರರಿಗೆ, ಕೋಚ್‌ಗಳಿಗೆ ಸಂಬಳ ಕೊಡುವುದು ಮೇಲಿನ ಮೇಜರ್ ಲೀಗ್ ತಂಡ. ವೂಸ್ಟರ್ ರೆಡ್ ಸಾಕ್ಸ್ ಆಟಗಾರರ ಸಂಬಳ ಬಾಸ್ಟನ್ ರೆಡ್ ಸಾಕ್ಸ್‌ನಿಂದ ಬರುತ್ತದೆ. ಹಾಗಾದರೆ ಊರಿನ ತಂಡದ ಮಾಲೀಕನ ಕೈಯಲ್ಲಿ ಏನಿದೆ? ಟಿಕೆಟ್, ಬಿಯರ್, ಹಾಟ್‌ಡಾಗ್, ಪಾರ್ಕಿಂಗ್, ಗೋಡೆ ಮೇಲಿನ ಜಾಹೀರಾತು, ಮೈದಾನದ ಹೆಸರು ಮಾರಿದ ದುಡ್ಡು. ಅಂದರೆ ಅವನ ವ್ಯಾಪಾರ ಪೂರ್ತಿ ಆ ಕಟ್ಟಡದೊಳಗೇ ಇದೆ. ತಂಡ ಗೆದ್ದರೂ ಸೋತರೂ ಅವನಿಗೆ ದೊಡ್ಡ ವ್ಯತ್ಯಾಸ ಇಲ್ಲ, ಒಳ್ಳೆಯ ಆಟಗಾರ ಹೇಗಿದ್ದರೂ ಎರಡು ತಿಂಗಳಲ್ಲಿ ಮೇಲಿನ ಹಂತದ ತಂಡಕ್ಕೆ ಹೋಗಿಬಿಡುತ್ತಾನೆ. ಅವನಿಗೆ ಬೇಕಾದದ್ದು ಹೊಸ ಕಟ್ಟಡ, ಡೌನ್‌ಟೌನ್‌ನ ಜಾಗ, ಆಫೀಸ್ ಬಿಟ್ಟು ನೇರ ನಡೆದು ಬರುವ ಜನ. ಈ ಕಟ್ಟಡವನ್ನು ಊರಿನ ಜನ ಕಟ್ಟಿಕೊಟ್ಟರೆ ಅವನಿಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ವಿಷಯ ಥಟ್ಟನೆ ತಲೆಗೆ ಹೋಗುವುದಿಲ್ಲ. ಕರ್ನಾಟಕದ ರಣಜಿ ತಂಡ ರಾಜ್ಯದ ಕ್ರಿಕೆಟ್ ಸಂಸ್ಥೆಯದು. ಹೊಸ ಸ್ಟೇಡಿಯಂ ಕೊಡದಿದ್ದರೆ ಹೈದರಾಬಾದಿಗೆ ಹೊರಟುಹೋಗುತ್ತೇವೆ ಅಂತ ಅದು ಬೆದರಿಸಲು ಆಗುತ್ತದಾ? ಅಮೆರಿಕದಲ್ಲಿ ಆಗುತ್ತದೆ. ತಂಡ ಒಬ್ಬ ಮಾಲೀಕನ ಆಸ್ತಿ, ಮೇಲಿನವರು ಒಪ್ಪಿದರೆ ಅವನು ಇನ್ನೊಂದು ಊರಿಗೆ ಒಯ್ಯಬಹುದು. ತಂಡಗಳ ಸಂಖ್ಯೆಯೂ ಕಡಿಮೆ. 2020ರ ಸೀಸನ್ ಕೊರೊನಾದಲ್ಲಿ ರದ್ದಾದ ಮೇಲೆ ಮೇಜರ್ ಲೀಗ್‌ನವರು ಕೆಳಗಿನ 160 ತಂಡಗಳನ್ನು 120ಕ್ಕೆ ಇಳಿಸಿದರು. ಉಳಿದ 120 ತಂಡಗಳ ಮೈದಾನಗಳಿಗೂ ಹೊಸ ನಿಯಮ ಬಂತು: ದೀಪ ಹೀಗಿರಬೇಕು, ಆಟಗಾರರ ಕೋಣೆ ಇಷ್ಟು ದೊಡ್ಡದಿರಬೇಕು, ಮಹಿಳಾ ಸಿಬ್ಬಂದಿಗೆ ಬೇರೆ ಕೋಣೆ ಬೇಕು ಅಂತೆಲ್ಲ. ಇವುಗಳಲ್ಲಿ ಹೆಚ್ಚಿನವು ನಿಜಕ್ಕೂ ಬೇಕಾದವೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನಿಯಮ ಮಾಡಿದ್ದು ಮೇಲಿನವರು, ಬಿಲ್ ಬಂದದ್ದು ಹೆಚ್ಚಾಗಿ ಊರುಗಳಿಗೆ, ಯಾಕೆಂದರೆ ಬಹಳ ಕಡೆ ಮೈದಾನದ ಮಾಲೀಕ ಊರೇ. ತಂಡ ಕೈಬಿಟ್ಟುಹೋಗುವ ಭಯ ನಲವತ್ತು ಊರುಗಳಲ್ಲಿ ನಿಜವಾಗಿದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ಯಾವ ಮೇಯರ್‌ಗೆ ತಾನೇ ಗಟ್ಟಿಯಾಗಿ ಚೌಕಾಸಿ ಮಾಡುವ ಧೈರ್ಯ ಇರುತ್ತದೆ?

ನೀವು ಈಗ ಇರುವ ಕಡೆಯ ಕಥೆಯಲ್ಲೇ ಪಾಠ ಎಲ್ಲ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗ ವೂಸ್ಟರ್‌ನಲ್ಲಿ ಆಡುವ ತಂಡ ಮೊದಲು ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿತ್ತು. ಅಲ್ಲಿದ್ದ ಮೆಕಾಯ್ ಸ್ಟೇಡಿಯಂ 1942ರದು. ವೃತ್ತಿಪರ ಬೇಸ್‌ಬಾಲ್‌ನ ಅತಿ ಉದ್ದದ ಪಂದ್ಯ, 33 ಇನ್ನಿಂಗ್ಸ್‌ನದು, 1981ರಲ್ಲಿ ಅಲ್ಲೇ ನಡೆದಿತ್ತು. ಏಪ್ರಿಲ್‌ನಲ್ಲಿ ಶುರುವಾಗಿ, ಬೆಳಗಿನ ಜಾವ ನಿಲ್ಲಿಸಿ, ಜೂನ್‌ನಲ್ಲಿ ಮುಗಿಸಿದರು. ದುಡಿಯುವ ಜನರ ಊರು, ಅಗ್ಗದ ಟಿಕೆಟ್, ಮಕ್ಕಳು ಆಟಗಾರರ ಸಹಿಗೆ ಕಾಯುತ್ತಿದ್ದ ಜಾಗ. 2015ರಲ್ಲಿ ಲ್ಯಾರಿ ಲುಕೀನೊ ಮತ್ತು ಜೇಮ್ಸ್ ಸ್ಕೆಫಿಂಗ್ಟನ್ ಮುಂದಾಳತ್ವದ ಗುಂಪು ತಂಡವನ್ನು ಕೊಂಡಿತು. ಕೊಂಡ ಕೂಡಲೇ ಹೇಳಿದ್ದೇನೆಂದರೆ, ಪಾಟಕೆಟ್ ಬಿಟ್ಟು ಪ್ರಾವಿಡೆನ್ಸ್ ಡೌನ್‌ಟೌನ್‌ನ ನದಿ ದಡಕ್ಕೆ ಹೋಗುತ್ತೇವೆ ಅಂತ. ಹೆದ್ದಾರಿ ಬೇರೆ ಕಡೆಗೆ ಸರಿಸಿದ್ದರಿಂದ ಖಾಲಿಯಾಗಿದ್ದ ಜಾಗ ಅದು, ಅದರಲ್ಲಿ ಒಂದು ಭಾಗವನ್ನು ಸಾರ್ವಜನಿಕ ಪಾರ್ಕ್‌ಗೆ ಎಂದು ಎತ್ತಿಟ್ಟಿದ್ದರು. ಮೈದಾನ ನಾವೇ ಕಟ್ಟುತ್ತೇವೆ, ಆದರೆ ರಾಜ್ಯ ವರ್ಷಕ್ಕೆ 40 ಲಕ್ಷ ಡಾಲರ್‌ನಂತೆ ಮೂವತ್ತು ವರ್ಷ, ಒಟ್ಟು 12 ಕೋಟಿ ಕೊಡಬೇಕು, ಆಸ್ತಿ ತೆರಿಗೆಯೂ ಬಿಡಬೇಕು ಎಂದು ಕೇಳಿದರು.

ಜನ ತಿರುಗಿಬಿದ್ದರು. ಅದಕ್ಕೆ ಕಾರಣವೂ ಇತ್ತು. ಅದೇ ರಾಜ್ಯ 2010ರಲ್ಲಿ ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲಿಂಗ್‌ನ ವಿಡಿಯೊ ಗೇಮ್ ಕಂಪನಿ 38 ಸ್ಟುಡಿಯೋಸ್‌ಗೆ 7.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತ್ತು, 2012ರಲ್ಲಿ ಕಂಪನಿ ಮುಳುಗಿ ಆ ಹೊರೆ ತೆರಿಗೆ ಕಟ್ಟುವವರ ತಲೆಗೆ ಬಂದಿತ್ತು. ಸುಟ್ಟ ಗಾಯ ಆರಿರಲಿಲ್ಲ. ಪ್ರಾವಿಡೆನ್ಸ್ ಯೋಜನೆ 2015ರಲ್ಲೇ ಬಿದ್ದುಹೋಯಿತು. ಆ ದಡದಲ್ಲಿ ಈಗ ಪಾರ್ಕ್ ಇದೆ, 2019ರಲ್ಲಿ ತೆರೆದ ನಡೆದಾಡುವ ಸೇತುವೆ ಇದೆ, ಜನ ಅಲ್ಲಿ ಬಂದು ಕೂರುತ್ತಾರೆ. ಮೈದಾನ ಬರದಿದ್ದರೆ ಡೌನ್‌ಟೌನ್ ಸತ್ತುಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಈ ಸೇತುವೆ ನೆನಪಿಟ್ಟುಕೊಳ್ಳಿ.

ಆಮೇಲೆ ಪಾಟಕೆಟ್‌ನಲ್ಲೇ ಹೊಸ ಮೈದಾನದ ಮಾತು ಬಂತು. ಒಟ್ಟು 8.3 ಕೋಟಿ: ತಂಡದಿಂದ 4.5, ರಾಜ್ಯದಿಂದ 2.3, ಊರಿನಿಂದ 1.5. ಮೈನರ್ ಲೀಗ್ ಲೆಕ್ಕದಲ್ಲಿ ತಂಡ ಅರ್ಧಕ್ಕಿಂತ ಜಾಸ್ತಿ ಹೊರುವುದು ಅಪರೂಪ, ಹಾಗಾಗಿ ಇದು ಕೆಟ್ಟ ಒಪ್ಪಂದವಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ರಾಜ್ಯದ ಸೆನೆಟ್ 2018ರ ಜನವರಿಯಲ್ಲಿ ಒಪ್ಪಿತು. ಕೆಳಮನೆಯ ಸ್ಪೀಕರ್ ನಿಕೊಲಸ್ ಮಾಟಿಯೆಲ್ಲೊ ಒಪ್ಪಲಿಲ್ಲ. ಕೊನೆಗೆ ಜೂನ್‌ನಲ್ಲಿ ಬದಲಾದ ಮಸೂದೆ ಪಾಸಾಯಿತು. ಮೊತ್ತ ಹೆಚ್ಚುಕಮ್ಮಿ ಅದೇ ಇತ್ತು, ಬದಲಾದದ್ದು ಜಾಮೀನು. ಮೈದಾನದ ಆದಾಯ ಸಾಲದಿದ್ದರೆ ರಾಜ್ಯ ಹಿಂದೆ ನಿಲ್ಲುವುದಿಲ್ಲ, ನಷ್ಟವಾದರೆ ಬಾಂಡ್ (ಸಾಲಪತ್ರ) ಕೊಂಡವರು ಹೊರಲಿ ಎಂದಾಯಿತು. ಜಾಮೀನಿಲ್ಲದ ಸಾಲಕ್ಕೆ ಬಡ್ಡಿ ಜಾಸ್ತಿ, ಅಲ್ವಾ? ಆ ಜಾಸ್ತಿ ಬಡ್ಡಿ ತಂಡಕ್ಕೆ ಒಗ್ಗಲಿಲ್ಲ. 2018ರ ಆಗಸ್ಟ್ 17ರಂದು ವೂಸ್ಟರ್‌ಗೆ ಹೋಗುತ್ತೇವೆ ಎಂದು ಘೋಷಿಸಿದರು.

ಇಲ್ಲಿ ಸ್ವಲ್ಪ ನಿಂತು ನೋಡಿ. ಮೈದಾನ ದುಡ್ಡು ತರುತ್ತದೆ, ತನ್ನ ಸಾಲ ತಾನೇ ತೀರಿಸುತ್ತದೆ ಎಂದು ಮಾಲೀಕರು ಮೂರು ವರ್ಷ ಹೇಳಿದ್ದರು. ಹಾಗಾದರೆ ಜಾಮೀನು ಯಾಕೆ ಅಷ್ಟು ಮುಖ್ಯವಾಯಿತು? ನಷ್ಟವಾಗುವ ಸಾಧ್ಯತೆ ನಿಜವಾಗಿಯೂ ಇದ್ದದ್ದರಿಂದಲೇ. ಆ ಸಾಧ್ಯತೆಗೆ ಬೆಲೆ ಇದೆ, ಅದನ್ನು ಯಾರೋ ಕೊಡಲೇಬೇಕು. ರೋಡ್ ಐಲೆಂಡ್ ಕೊಡುವುದಿಲ್ಲ ಎಂದಿತು, ವೂಸ್ಟರ್ ಕೊಡುತ್ತೇನೆ ಎಂದಿತು.

ವೂಸ್ಟರ್‌ನಲ್ಲಿ ಸಾಲ ಮಾಡಿದ್ದು ಊರು. ಅದರಲ್ಲಿ ಒಂದು ಪಾಲನ್ನು ತಂಡ ವರ್ಷವರ್ಷ ಬಾಡಿಗೆಯ ಮೂಲಕ ತೀರಿಸುತ್ತದೆ. ದೊಡ್ಡ ಪಾಲಿಗೆ ಡಿಐಎಫ್ ಎಂಬ ಏರ್ಪಾಡು ಮಾಡಿಕೊಂಡರು. ಬೇರೆ ರಾಜ್ಯಗಳಲ್ಲಿ ಇದನ್ನೇ ಟಿಐಎಫ್ ಅನ್ನುತ್ತಾರೆ, ನಿಮ್ಮ ಹೊಸ ಊರಲ್ಲೂ ಈ ಮಾತು ಖಂಡಿತ ಕೇಳಿಬರುತ್ತದೆ. ಮೈದಾನದ ಸುತ್ತ ಒಂದು ಗೆರೆ ಎಳೆಯುತ್ತಾರೆ. ಗೆರೆಯೊಳಗೆ ಹೊಸ ಹೋಟೆಲ್, ಅಪಾರ್ಟ್‌ಮೆಂಟ್, ಆಫೀಸ್ ಬಂದಾಗ ಹೊಸದಾಗಿ ಹುಟ್ಟುವ ಆಸ್ತಿ ತೆರಿಗೆಯನ್ನು ಸಾಲ ತೀರಿಸಲು ಎತ್ತಿಡುತ್ತಾರೆ. ಹಾಗಾಗಿ ಈಗಿನ ತೆರಿಗೆಯ ಒಂದು ಡಾಲರ್ ಕೂಡ ಮೈದಾನಕ್ಕೆ ಹೋಗುವುದಿಲ್ಲ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೋಟೆಲ್ ಬರದಿದ್ದರೆ? ತಡವಾಗಿ ಬಂದರೆ? ವೂಸ್ಟರ್‌ನಲ್ಲಿ ಪಕ್ಕದ ಕಟ್ಟಡಗಳು ಹೇಳಿದ ಹೊತ್ತಿಗೆ ಬರಲಿಲ್ಲ, ಯೋಜನೆ ಕುಗ್ಗಿತು, ಮಧ್ಯೆ ಕೊರೊನಾ ಬಂತು. ಬಾಂಡ್‌ನ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ: ಗೆರೆಯನ್ನು ಎಷ್ಟು ದೊಡ್ಡದಾಗಿ ಎಳೆಯುತ್ತೀರೋ, ಮೈದಾನ ಇಲ್ಲದಿದ್ದರೂ ಬರುತ್ತಿದ್ದ ಕಟ್ಟಡಗಳ ತೆರಿಗೆ ಅಷ್ಟು ಜಾಸ್ತಿ ಮೈದಾನದ ಲೆಕ್ಕಕ್ಕೆ ಸೇರುತ್ತದೆ. ಅದು ಶಾಲೆಗೋ ರಸ್ತೆಗೋ ಹೋಗಬೇಕಿದ್ದ ದುಡ್ಡು. ಆದ್ದರಿಂದ ನಕ್ಷೆ ತರಿಸಿ ನೋಡಿ, ಗೆರೆ ಎಲ್ಲೆಲ್ಲಿ ಹೋಗಿದೆ, ಅದರೊಳಗೆ ಈಗಾಗಲೇ ಪಾಯ ತೋಡಿದ ಕಟ್ಟಡ ಯಾವುದಿದೆ ಅಂತ.

ವೂಸ್ಟರ್ ಬಗ್ಗೆ ನನ್ನ ದೊಡ್ಡ ಬೇಸರ ಮೊತ್ತದ್ದಲ್ಲ, ಅವಸರದ್ದು. ರೋಡ್ ಐಲೆಂಡ್ ಮೂರು ವರ್ಷ ಬಹಿರಂಗವಾಗಿ ಜಗಳವಾಡಿತು. ವೂಸ್ಟರ್‌ನಲ್ಲಿ ಮಾತುಕತೆ ಬಾಗಿಲು ಮುಚ್ಚಿ ನಡೆದಿತ್ತು, ಆಗಸ್ಟ್ 17ರಂದು ಘೋಷಣೆ ಆಯಿತು, ಸೆಪ್ಟೆಂಬರ್ ಮಧ್ಯದೊಳಗೆ ಕೌನ್ಸಿಲ್ ಒಪ್ಪಿಗೆ ಕೊಟ್ಟುಬಿಟ್ಟಿತು. ಒಂದು ತಿಂಗಳೂ ಇಲ್ಲ. ಅದೇ ಊರಿನ ಹೋಲಿ ಕ್ರಾಸ್ ಕಾಲೇಜಿನಲ್ಲಿ ವಿಕ್ಟರ್ ಮ್ಯಾಥೆಸನ್ ಇದ್ದಾರೆ, ಕ್ರೀಡೆಯ ಅರ್ಥಶಾಸ್ತ್ರದಲ್ಲಿ ದೇಶಕ್ಕೇ ಗೊತ್ತಿರುವ ಹೆಸರು, ಇಂಥ ಲೆಕ್ಕಗಳ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತ ಬಂದವರು. ಅಂಥವರಿರುವ ಊರು ನಾಲ್ಕು ತಿಂಗಳು ಕೂತು ಲೆಕ್ಕ ತಿಕ್ಕಿ ನೋಡಿದ್ದರೆ ಏನು ಕಳೆದುಕೊಳ್ಳುತ್ತಿತ್ತು?

ಅರ್ಥಶಾಸ್ತ್ರಜ್ಞರು ಏನು ಹೇಳುತ್ತಾರೆ ಅಂತ ಸಭೆಯಲ್ಲಿ ಖಂಡಿತ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಜೆ. ಸಿ. ಬ್ರಾಡ್‌ಬರಿ, ಡೆನ್ನಿಸ್ ಕೋಟ್ಸ್, ಬ್ರಾಡ್ ಹಂಫ್ರೀಸ್ ಸೇರಿ ಮೂವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಊರು ಹಾಕುವ ದುಡ್ಡಿಗೆ ತಕ್ಕ ಲಾಭ ಊರಿಗೆ ಬರುವುದಿಲ್ಲ ಅನ್ನುವುದೇ ಸಾರ. ಕಾರಣ ಸರಳ. ನೀವು ಶುಕ್ರವಾರ ಸಂಜೆ ಮೈದಾನದಲ್ಲಿ ಖರ್ಚು ಮಾಡುವ ಎಂಬತ್ತು ಡಾಲರ್ ಆಕಾಶದಿಂದ ಬಿದ್ದದ್ದಲ್ಲ, ಅದು ಇಲ್ಲದಿದ್ದರೆ ಸಿನಿಮಾಕ್ಕೋ ಊಟಕ್ಕೋ ಅಲ್ಲೇ ಸುತ್ತಮುತ್ತ ಖರ್ಚಾಗುತ್ತಿತ್ತು. ಟ್ರಿಪಲ್-ಎ, ಅಂದರೆ ಮೈನರ್ ಲೀಗ್‌ನ ಅತಿ ಮೇಲಿನ ಹಂತದ ತಂಡ, ವರ್ಷಕ್ಕೆ ತನ್ನ ಊರಲ್ಲಿ ಆಡುವುದು 75 ಪಂದ್ಯ, ಉಳಿದ 290 ದಿನ ಆ ಜಾಗಕ್ಕೆ ಬೇರೆ ಏನಾದರೂ ಕೆಲಸ ಹುಡುಕಬೇಕು. ಕೆಲಸಗಳೂ ಬಹುಪಾಲು ಸೀಸನ್‌ನವು. ಹಾಗಂತ ಇನ್ನೊಂದು ಕಡೆಯ ಮಾತು ಮುಚ್ಚಿಡಬಾರದು. 2013ರಲ್ಲಿ ನೋಲಾ ಅಘಾ ಎಂಬ ಸಂಶೋಧಕಿ ಮೈನರ್ ಲೀಗ್ ಊರುಗಳನ್ನೇ ಬೇರೆಯಾಗಿ ನೋಡಿದಾಗ, ಕೆಲವು ಮಟ್ಟದ ತಂಡ ಅಥವಾ ಮೈದಾನ ಇರುವ ಕಡೆ ತಲಾ ಆದಾಯ ಸ್ವಲ್ಪ ಮೇಲೆ ಕಂಡಿತು. ಎಲ್ಲ ಮಟ್ಟದಲ್ಲೂ ಅಲ್ಲ, ಆದರೆ ಕಂಡಿತು. ಮೈದಾನ ಬೇಕು ಅನ್ನುವವರು ಇದನ್ನು ಎತ್ತಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನೂರು ಕೈಗೆ ಹಂಚಿಹೋಗುವ ಅಂಥ ಲಾಭದಿಂದ ಸಿಟಿ ಹಾಲ್ ಬಾಂಡ್‌ನ ಕಂತು ಕಟ್ಟಲು ಆಗುವುದಿಲ್ಲ.

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಕಥೆ ಬೇಗ ಹೇಳುತ್ತೇನೆ. ಬೆಂಗಳೂರಿನ ಇನ್ಫೋಸಿಸ್ 2018ರಲ್ಲಿ ಅಲ್ಲೊಂದು ಕೇಂದ್ರ ತೆರೆದದ್ದರಿಂದ ನಿಮ್ಮ ಗೆಳೆಯರಲ್ಲಿ ಕೆಲವರಿಗೆ ಆ ಊರು ಗೊತ್ತಿರಬಹುದು. 2014ರಲ್ಲಿ ಮೇಯರ್ ಪೆಡ್ರೊ ಸೆಗಾರ್ರಾ, ಪಕ್ಕದ ನ್ಯೂ ಬ್ರಿಟನ್‌ನ ತಂಡ ಹಾರ್ಟ್‌ಫರ್ಡ್‌ಗೆ ಬರುತ್ತದೆ ಎಂದು ಘೋಷಿಸಿದರು. ನ್ಯೂ ಬ್ರಿಟನ್ ಅರ್ಧ ಗಂಟೆ ದೂರವೂ ಇಲ್ಲ, ಅಲ್ಲಿನ ಮೈದಾನ 1996ರದು, ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಒಂದು ಬಡ ಊರಿನಿಂದ ಕಿತ್ತು ಇನ್ನೊಂದು ಬಡ ಊರಿಗೆ ನೆಟ್ಟರು, ಇಡೀ ಪ್ರದೇಶಕ್ಕೆ ಹೊಸದಾಗಿ ಏನೂ ಸಿಗಲಿಲ್ಲ. 2016ರ ಏಪ್ರಿಲ್‌ನಲ್ಲಿ ತೆರೆಯಬೇಕಿತ್ತು. ಕೆಲಸ ಮುಗಿಯಲಿಲ್ಲ, ಊರು ಬಿಲ್ಡರ್‌ನನ್ನು ತೆಗೆದುಹಾಕಿತು, ತಂಡ ಇಡೀ ವರ್ಷ ಬೇರೆ ಊರುಗಳಲ್ಲೇ ಆಡಿತು, 5.6 ಕೋಟಿ ಅಂದುಕೊಂಡದ್ದು 7 ಕೋಟಿ ದಾಟಿತು, ಕೋರ್ಟ್ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2017ರಲ್ಲಿ ಊರು ದಿವಾಳಿ ಅರ್ಜಿ ಹಾಕುವ ಮಾತಾಡುತ್ತಿತ್ತು. ಅದಕ್ಕೆ ಮೈದಾನವೇ ಕಾರಣ ಅಂದರೆ ತಪ್ಪಾಗುತ್ತದೆ, ಹಳೆಯ ಸಾಲ, ಪಿಂಚಣಿ, ತೆರಿಗೆ ಕಟ್ಟದ ಸರ್ಕಾರಿ ಮತ್ತು ಆಸ್ಪತ್ರೆ ಜಾಗಗಳು ಇವೇ ದೊಡ್ಡ ಕಾರಣ. ಆದರೆ ಅಂಥ ಊರು ಮೈದಾನದ ಅಪಾಯ ಮೈಮೇಲೆ ಎಳೆದುಕೊಳ್ಳಬಾರದಿತ್ತು. ಈಗ ಆ ಮೈದಾನಕ್ಕೆ ಜನ ತುಂಬಿ ಬರುತ್ತಾರೆ, ಸುತ್ತಲಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಹೊಸ ಡೆವಲಪರ್ ಬಂದ ಮೇಲೆ, ಮೈದಾನ ತೆರೆದು ಐದು ವರ್ಷದ ಆಸುಪಾಸಿಗೆ.

ಡರ್ಹಮ್‌ನ ಉದಾಹರಣೆಯನ್ನು ಎಲ್ಲ ಕಡೆ ಎತ್ತುತ್ತಾರೆ, ಅದು ಸರಿಯಾದ ಉದಾಹರಣೆಯೇ, ಆದರೆ ಪೂರ್ತಿ ಹೇಳುವುದಿಲ್ಲ. ನಾರ್ತ್ ಕ್ಯಾರೊಲೈನಾದ ಆ ಊರಿನಲ್ಲಿ 1990ರಲ್ಲಿ ಮತದಾರರು ಮೈದಾನದ ಬಾಂಡ್ ಬೇಡ ಎಂದಿದ್ದರು. ಸಿಟಿ ಆಮೇಲೆ ಜನರ ಮತಕ್ಕೆ ಹಾಕದೆ ಬೇರೆ ದಾರಿಯಲ್ಲಿ ಸಾಲ ಎತ್ತಿ 1995ರಲ್ಲಿ ಕಟ್ಟಿತು. ಪಕ್ಕದ ಪಾಳುಬಿದ್ದ ತಂಬಾಕು ಕಾರ್ಖಾನೆ ಇವತ್ತು ಆಫೀಸ್, ಹೋಟೆಲ್‌ಗಳಿಂದ ತುಂಬಿದೆ. ಅದು ತೆರೆದದ್ದು 2004ರಲ್ಲಿ, ಮೈದಾನ ಬಂದು ಒಂಬತ್ತು ವರ್ಷದ ಮೇಲೆ. ಅದನ್ನು ಸರಿಪಡಿಸಿದ್ದು ಯಾರು? ತಂಡದ ಮಾಲೀಕ ಕಂಪನಿ ಕ್ಯಾಪಿಟಲ್ ಬ್ರಾಡ್‌ಕಾಸ್ಟಿಂಗ್. ಅಂದರೆ ತಂಡದವರು ತಮ್ಮ ಸ್ವಂತ ದುಡ್ಡನ್ನು ಪಕ್ಕದ ಜಾಗಕ್ಕೆ ಹಾಕಿದರು, ಊರು ಏಳಿಗೆಯಾಗದಿದ್ದರೆ ಅವರೂ ಕಳೆದುಕೊಳ್ಳುತ್ತಿದ್ದರು. ನಿಮ್ಮ ಹೊಸ ಊರಿನಲ್ಲಿ ತಂಡದ ಮಾಲೀಕ ಪಕ್ಕದ ಕಟ್ಟಡಗಳಿಗೆ ಸ್ವಂತ ದುಡ್ಡು ಹಾಕುತ್ತಿದ್ದಾನಾ, ಅದನ್ನು ಒಪ್ಪಂದದಲ್ಲಿ ಬರೆದಿದ್ದಾನಾ, ಇಲ್ಲ ಸುಮ್ನೆ ಬಣ್ಣದ ಚಿತ್ರ ತೋರಿಸುತ್ತಿದ್ದಾನಾ ಅಂತ ಮೊದಲು ನೋಡಿ.

ನಿಮ್ಮ ತೆರಿಗೆ ಏರುತ್ತದಾ ಅಂತ ಕೇಳಿದ್ದೀರಿ. ಬಿಲ್‌ನಲ್ಲಿ "ಮೈದಾನ" ಅಂತ ಒಂದು ಸಾಲು ಬರುವುದು ಅಪರೂಪ. ಬೇರೆ ಥರ ಬರುತ್ತದೆ: ಲೈಬ್ರರಿಯ ಸಮಯ ಕಡಿಮೆಯಾಗುತ್ತದೆ, ರಸ್ತೆ ರಿಪೇರಿ ಮುಂದಕ್ಕೆ ಹೋಗುತ್ತದೆ, ಶಾಲೆಗೆ ಸಾಲ ಎತ್ತಬೇಕಾದಾಗ ಊರಿನ ಸಾಲದ ಮಿತಿ ಹತ್ತಿರ ಬಂದಿರುತ್ತದೆ. ಬಾಂಡ್ ಯಾವ ಬಗೆಯದು ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. ಜನರಲ್ ಆಬ್ಲಿಗೇಶನ್ ಬಾಂಡ್ ಆದರೆ ಊರಿನ ಇಡೀ ತೆರಿಗೆ ಅದರ ಹಿಂದೆ ನಿಂತಿರುತ್ತದೆ. ಅದಕ್ಕೆ ಬಡ್ಡಿ ಕಡಿಮೆ, ನಿಮಗೆ ಅಪಾಯ ಜಾಸ್ತಿ. ಇದರ ಜೊತೆಗೆ 1986ರ ಫೆಡರಲ್ ತೆರಿಗೆ ಕಾನೂನು ಒಂದಿದೆ. ಬಾಂಡ್‌ನ ಬಡ್ಡಿಗೆ ತೆರಿಗೆ ವಿನಾಯಿತಿ ಬೇಕಾದರೆ ಸಾಲದ ಕಂತಿನಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮೈದಾನ ಬಳಸುವ ಖಾಸಗಿಯವರಿಂದ ಬರಬಾರದು ಅಂತ ಸ್ಥೂಲವಾಗಿ ಅದರ ನಿಯಮ. ಖಾಸಗಿ ಮೈದಾನಗಳಿಗೆ ಅಗ್ಗದ ಸಾಲ ಸಿಗದಿರಲಿ ಎಂದು ಮಾಡಿದ್ದು. ಆದದ್ದು ಉಲ್ಟಾ, ಅಗ್ಗದ ಸಾಲ ಬೇಕೆಂದು ಊರುಗಳೇ ತಂಡದ ಬಾಡಿಗೆ ಕಡಿಮೆ ಇಟ್ಟು ಉಳಿದದ್ದನ್ನು ಸಾರ್ವಜನಿಕರ ದುಡ್ಡಿನಿಂದ ಕಟ್ಟತೊಡಗಿದವು.

ಸಭೆಯಲ್ಲಿ ನಿಮಗೆ ಸಿಗುವ ಮೂರು ನಿಮಿಷದಲ್ಲಿ ಬೇಸ್‌ಬಾಲ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಹೋಗಬೇಡಿ. ಕಟ್ಟಡದ ಖರ್ಚು ಅಂದಾಜಿಗಿಂತ ಏರಿದರೆ ಯಾರು ಕೊಡುತ್ತಾರೆ, ಅದು ಯಾವ ಪುಟದಲ್ಲಿದೆ ಎಂದು ಕೇಳಿ. ಹೋಟೆಲ್ ಬರದಿದ್ದರೆ ಮೊದಲ ಐದು ವರ್ಷದ ಕಂತು ಎಲ್ಲಿಂದ ಬರುತ್ತದೆ ಎಂದು ಕೇಳಿ. ತಂಡದ ಗುತ್ತಿಗೆ ಬಾಂಡ್ ತೀರುವ ತನಕ ಇದೆಯಾ, ಇಲ್ಲ ಹತ್ತು ವರ್ಷ ಮೊದಲೇ ಮುಗಿಯುತ್ತದಾ? ಇದೊಂದು ತಪ್ಪದೆ ಕೇಳಿ, ಏಕೆಂದರೆ ಗುತ್ತಿಗೆ ಮೊದಲು ಮುಗಿದರೆ ಸಾಲ ತೀರುವ ಮುಂಚೆಯೇ ಹೊಸ ಬೆದರಿಕೆ ಶುರುವಾಗುತ್ತದೆ. ಮೇಜರ್ ಲೀಗ್‌ನವರು ಮತ್ತೆ ನಿಯಮ ಬದಲಾಯಿಸಿದರೆ ಆ ರಿಪೇರಿ ಯಾರದು? ಮೈದಾನದ ಹೆಸರು ಮಾರಿದ ದುಡ್ಡಲ್ಲಿ ಊರಿಗೆ ಪಾಲಿದೆಯಾ? ತಂಡವನ್ನೇ ಮಾರಿದರೆ? ಹೊಸ ಮೈದಾನದಿಂದ ತಂಡದ ಬೆಲೆ ಏರುತ್ತದೆ, ಆ ಏರಿಕೆಗೆ ದುಡ್ಡು ಹಾಕಿದ್ದು ಊರು. ವೂಸ್ಟರ್ ತಂಡದ ಬಹುಪಾಲು ಹಕ್ಕನ್ನು 2023ರ ಕೊನೆಗೆ ಡೈಮಂಡ್ ಬೇಸ್‌ಬಾಲ್ ಹೋಲ್ಡಿಂಗ್ಸ್ ಕೊಂಡಿತು, ದೇಶದ ಉದ್ದಗಲಕ್ಕೂ ಹತ್ತಾರು ಮೈನರ್ ಲೀಗ್ ತಂಡ ಇಟ್ಟುಕೊಂಡಿರುವ ಕಂಪನಿ ಅದು. ನಿಮ್ಮ ಊರಿನ ಮೇಯರ್ ಪಕ್ಕದಲ್ಲಿ ಈಗ ನಗುತ್ತ ನಿಂತಿರುವ ಮಾಲೀಕ ಐದು ವರ್ಷದ ಮೇಲೆ ಅಲ್ಲಿ ಇಲ್ಲದೇ ಇರಬಹುದು.

ಹಾಗಾದರೆ ಕಟ್ಟಲೇಬಾರದಾ? ನಾನು ಹಾಗೆ ಹೇಳುವುದಿಲ್ಲ. ಊರುಗಳು ಪಾರ್ಕ್ ಕಟ್ಟುತ್ತವೆ, ಈಜುಕೊಳ ಕಟ್ಟುತ್ತವೆ, ಅವು ಲಾಭ ತರುತ್ತವೆಯಾ ಅಂತ ಯಾರೂ ಕೇಳುವುದಿಲ್ಲ. ನೀವು ಮಕ್ಕಳನ್ನು ಕರೆದುಕೊಂಡು ಹೋಗಿ ಕಳೆದ ಸಂಜೆಗಳಿಗೆ ನಿಜವಾದ ಬೆಲೆ ಇದೆ. ಮೇಜರ್ ಲೀಗ್ ಟಿಕೆಟ್ ಕೊಳ್ಳಲಾಗದ ಸಾವಿರಾರು ಮನೆಗಳಿಗೆ ಮೈನರ್ ಲೀಗ್ ಒಂದೇ ದಾರಿ. ಊರಿನ ಆಡಳಿತ ನೇರವಾಗಿ "ನಮಗೆ ಇದು ಬೇಕು, ಇದಕ್ಕೆ ವರ್ಷಕ್ಕೆ ಇಷ್ಟು ಖರ್ಚು, ಒಂದೊಂದು ಮನೆಗೆ ಇಷ್ಟು ಬೀಳುತ್ತದೆ, ಒಪ್ಪುತ್ತೀರಾ" ಎಂದು ಕೇಳಿ ಜನ ಹೂಂ ಅಂದರೆ ನನ್ನ ತಕರಾರೇ ಇಲ್ಲ. ನನಗೆ ಸಿಟ್ಟು ಬರುವುದು, ಪುಕ್ಕಟೆ ಬರುತ್ತದೆ ಅಂತ ಹೇಳಿ ಮಾರಿದಾಗ. ಹಾಗೆ ಮಾರಿದ ಮೇಲೆ ಕಂತು ಕಟ್ಟಲಾಗದ ವರ್ಷದಲ್ಲಿ ಏನು ಮಾಡಬೇಕು ಎಂಬ ಯೋಚನೆಯನ್ನೇ ಯಾರೂ ಮಾಡಿರುವುದಿಲ್ಲ. ಪೆಟ್ಟು ಬೀಳುವುದು ಆ ಒಪ್ಪಂದಕ್ಕೆ ಸಹಿ ಹಾಕಿದವರಿಗಲ್ಲ, ಬಸ್ಸಿಗೆ ಕಾಯುವವರಿಗೆ, ಸರ್ಕಾರಿ ಶಾಲೆಯ ಮಕ್ಕಳಿಗೆ.

ಆದ್ದರಿಂದ ಮನೆ ನೋಡಲು ಹೋದಾಗಲೇ ಒಂದು ಕೆಲಸ ಮಾಡಿ. ಸಿಟಿ ಕ್ಲರ್ಕ್ ಕಚೇರಿಗೆ ಹೋಗಿ ತಂಡದ ಜೊತೆಗಿನ ಒಪ್ಪಂದದ ಕರಡು ಕೇಳಿ. ಅದು ಸಾರ್ವಜನಿಕ ದಾಖಲೆ ಆಗಿದ್ದರೆ ಯಾರು ಕೇಳಿದರೂ ಕೊಡುತ್ತಾರೆ, ವೆಬ್‌ಸೈಟ್‌ನಲ್ಲೂ ಇರಬಹುದು. ಕರಡು ಇನ್ನೂ ಸಿದ್ಧವಾಗಿಲ್ಲ ಎಂದು ಅವರು ಹೇಳಿದರೂ ಮತದಾನದ ದಿನಾಂಕ ಮಾತ್ರ ನಿಗದಿಯಾಗಿದ್ದರೆ, ಸಭೆಯಲ್ಲಿ ನಿಮ್ಮ ಮೂರು ನಿಮಿಷ ಪೂರ್ತಿ ಆ ದಿನಾಂಕ ಮುಂದಕ್ಕೆ ಹಾಕಿ ಎಂದು ಕೇಳುವುದಕ್ಕೇ ಬಳಸಿ.